ಶಿಲುಬೆ ಗುರುತೋ, ನೊಣ ಓಡಿಸಿದ್ದೋ?

ಕ್ಯಾಂಟೀನಲ್ಲಿ ನೀವು ಡಬ್ಬಿ ಬಿಚ್ಚುವುದನ್ನು ನಾನು ನೋಡಿದ್ದೇನೆ ಮಾರಾಯ್ರೆ. ಕಣ್ಣು ಆಚೆ ಈಚೆ ತಿರುಗಿತು. ಕೈ ಹಣೆಗೆ ಹೋಯ್ತು, ಎದೆಗಿಳಿಯಿತು, ಎಡ ಭುಜ ಮುಟ್ಟಿತು. ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ್ರು. ಬಲ ಭುಜಕ್ಕೆ ಹೊರಟ ಕೈ ಸೀದಾ ಕಾಲರ್ ಸರಿಮಾಡಿತು! ಅದು ಶಿಲುಬೆ ಗುರುತಾ, ನೊಣ ಓಡಿಸಿದ್ದಾ? (ದೇವರಿಗೂ ಸಣ್ಣ ಡೌಟು ಬಂದಿರಬಹುದು.)

ಅಲ್ಲ, ಅಡಗಿಸುವುದಾದರೂ ಯಾರಿಂದ? ಟೇಬಲ್ ಮೇಲಿನ ನೇಮ್‌ಪ್ಲೇಟಲ್ಲೇ 'ಡಿಸೋಜ' ಅಂತ ಉಂಟು. ಡಿಸೆಂಬರ್ ಬಂತೆಂದರೆ ಇಡೀ ಆಫೀಸು ನಿಮ್ಮ ಮನೆಯ ಕ್ರಿಸ್ಮಸ್ ತಿಂಡಿ ಕುಸ್ವಾರಿಗೆ ಕಾಯ್ತದೆ. ಭಾನುವಾರ ಇಗರ್ಜಿಯಲ್ಲಿ ನಿಮ್ಮ ಗಂಟಲಿಗೆ ಮೈಕೇ ಬೇಡ. ಸೋಮವಾರಕ್ಕೆ ಅದಕ್ಕೆಂತಾಗ್ತದೆ?

ಉತ್ತರ ರೆಡಿ ಉಂಟು, ಗೊತ್ತು. "ಕೋಣೆ ಬಾಗಿಲು ಹಾಕಿ ಪ್ರಾರ್ಥನೆ ಮಾಡಿ ಅಂತ ಯೇಸುವೇ ಹೇಳಿದ್ದಲ್ವಾ?" ಹೌದು, ಮತ್ತಾಯನ 6ನೇ ಅಧ್ಯಾಯ. ದೀಪ ಹಚ್ಚಿ ಕೊಳಗದಡಿ ಇಡುವವರಿಲ್ಲ ಅಂದದ್ದು 5ನೆಯದರಲ್ಲಿ. ಆ ಪುಟ ನಿಮ್ಮ ಬೈಬಲಲ್ಲಿ ಅಂಟಿಕೊಂಡಿದೆಯಾ ಹೇಗೆ?

ಮೊಬೈಲ್ ಕೈಗೆ ಬಂದರೆ ಮಾತ್ರ ನೀವು ಬೇರೆಯೇ ಜನ! ಬೆಳಿಗ್ಗೆ 5 ಗಂಟೆಗೆ ಆಫೀಸ್ ಗ್ರೂಪಿಗೆ ಗುಲಾಬಿ ಹೂ, ಸೂರ್ಯೋದಯ, ಮೇಲೊಂದು ವಚನ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ, ಸರಿ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅಂತಲೂ ಅಲ್ಲೇ ಉಂಟು. (ಎದುರು ಸೀಟಿನವರ ನಿದ್ದೆ ಯಾವುದಕ್ಕೆ ಸೇರ್ತದೆ, ನೀವೇ ಹೇಳಿ.)

ಸಾರುವುದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನವರನ್ನು ಸ್ವಲ್ಪ ನೆನಪಿಸಿಕೊಳ್ಳಿ. (ಪ್ರೊಟೆಸ್ಟಂಟರು ಅಂತ ಮೂಗು ಮುರೀಬೇಡಿ. ಅವರು ಮಾಡಿದ ಹಂಚಿನಡಿಯಲ್ಲೇ ನಿಮ್ಮಜ್ಜ ಜಪಸರ ಎಣಿಸಿರಬಹುದು.) 1834ರಲ್ಲಿ ಹಡಗಿಳಿದವರು ಮೂರೇ ಜನ. ಅವರಲ್ಲೊಬ್ಬ ಸ್ಯಾಮುವೆಲ್ ಹೆಬಿಕ್, ಉದ್ದ ಗಡ್ಡದ ಆಸಾಮಿ. ಜಾತ್ರೆಯ ನಡುವೆ ನಿಂತು ಸಾರುವಷ್ಟು ಧೈರ್ಯ. ನಿಮ್ಮ ಹಾಗೆ ಕಾಲರ್ ಸರಿಮಾಡುವ ಜನ ಅಲ್ಲ!

ಆದರೆ ಕ್ರೈಸ್ತರಾದವರಿಗೆ ಜಾತಿಯೂ ಹೋಯ್ತು, ಕಸುಬೂ ಹೋಯ್ತು. ಬರೀ ಪ್ರಸಂಗದಿಂದ ಹೊಟ್ಟೆ ತುಂಬ್ತದಾ? ಮಿಶನ್ನವರು ಮಗ್ಗ ಹಾಕಿದರು, ಅಚ್ಚುಕೂಟ ಇಟ್ಟರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೇ ಶುರುಮಾಡಿದ. ಮಿಶನ್ನಿನ ಹೆಸರು ಹಂಚಿನ ಮೈಮೇಲೇ ಅಚ್ಚಾಯಿತು.

ಈಗ ಮಜಾ ನೋಡಿ. ಜಾತ್ರೆಯಲ್ಲಿ ಪ್ರಸಂಗ ಕೇಳಿ ಮುಖ ತಿರುಗಿಸಿದವರೂ ಹಂಚು ಬೇಕು ಅಂತ ಬಂದ್ರು. ಕರಾವಳಿಯ ಆಟಿ ಮಳೆಗೆ ಹಂಚಿನ ಮೇಲಿನ ಹೆಸರು ಓದಲಿಕ್ಕೆ ಬರ್ತದಾ? ಸೋರ್ತದಾ ಇಲ್ವಾ, ಅದಕ್ಕೆ ಅಷ್ಟೇ ಲೆಕ್ಕ.

ಹಾಗಾದರೆ ನಿಮ್ಮ ಹಂಚು ಹೇಗುಂಟು? ಮೊನ್ನೆ ಜ್ವರ ಅಂತ ರಜೆ ಹಾಕಿ ಮದುವೆ ಮನೆಯಲ್ಲಿ ಬೈಲಾ ಕುಣಿದದ್ದು ಯಾರು? ತಪ್ಪಿದ ಫೈಲು ಹೊಸ ಹುಡುಗನ ತಲೆಗೆ ಕಟ್ಟಿದ್ದು? ಬಸ್ಸಿನಲ್ಲಿ ಹೋಗಿ ಟ್ಯಾಕ್ಸಿ ಬಿಲ್ಲು ಕೊಟ್ಟದ್ದು? (ಸುಮ್ಮನೆ ಕೇಳಿದೆ. ನಾನೂ ಸಾಚಾ ಏನಲ್ಲ. ನಮ್ಮ ಮಾಡಿಗೂ ಬಕೆಟ್ ಇಟ್ಟಿದ್ದೇವೆ.) ಸ್ಕೂಟರಿನ ಹಿಂದೆ 'ಯೇಸು ರಕ್ಷಕ' ಅಂತ ಸ್ಟಿಕ್ಕರ್ ಅಂಟಿಸಿ ಒನ್‌ವೇಯಲ್ಲಿ ನುಗ್ಗಿದರೆ, ಎದುರಿನಿಂದ ಬಂದವ ಯಾವ ಸುವಾರ್ತೆ ಓದಬೇಕು?

ಇನ್ನೊಂದು ಗುಟ್ಟು ಹೇಳ್ತೇನೆ, ಹತ್ತಿರ ಬನ್ನಿ. ಅವತ್ತು ಕ್ಯಾಂಟೀನಲ್ಲಿ ಮ್ಯಾನೇಜರ್ ನಿಮ್ಮ ಕೈಯನ್ನು ನೋಡಲೇ ಇಲ್ಲ. ಅದನ್ನು ಅವರು ಹನ್ನೆರಡು ವರ್ಷದಿಂದ ನೋಡ್ತಾ ಇದ್ದಾರೆ, ಗುರುತು ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲುವುದೂ ಉಂಟು. ಅವತ್ತು ಒಳಗೆ ಬಂದದ್ದು ಆ ಟ್ಯಾಕ್ಸಿ ಬಿಲ್ಲು ಹಿಡ್ಕೊಂಡು!