ಭಾವ, ರಸ, ಹಿಪ್ಪೆ

ಭಾವನ ಕಾರಿನ ಡಿಕ್ಕಿಯಲ್ಲಿ ಬಾಳೆದಿಂಡು ಕಂಡರೆ ಸಾಕು, ನನಗೆ ಜ್ವರ ಬರುತ್ತದೆ. ಡಾಕ್ಟರರಿಗೆ ತೋರಿಸುವಂಥ ಜ್ವರವೇನಲ್ಲ. ಹೊದ್ದುಕೊಂಡು ‘ಇವತ್ತು ಬರಲಿಕ್ಕಾಗುವುದಿಲ್ಲ ಭಾವ’ ಎಂದು ನರಳಲು ಬೇಕಾದಷ್ಟು ಮಾತ್ರ. ಅವರು ಬಿಡುವ ಪೈಕಿಯಲ್ಲ. ‘ಜ್ವರಕ್ಕೆ ಮೂಸಂಬಿ ರಸ ಒಳ್ಳೆಯದು ಮಾರಾಯ. ನಾವು ಹೊರಟದ್ದೂ ಅದಕ್ಕೇ ಅಲ್ವಾ? ಏಳು, ಏಳು.’

ಹೊರಟದ್ದು ಜ್ಯೂಸರ್ ನೋಡಲಿಕ್ಕೆ. ತೆಗೆದುಕೊಳ್ಳಲಿಕ್ಕೆ ಎಂದು ಅವರು ಒಮ್ಮೆಯೂ ಬಾಯಿತಪ್ಪಿ ಹೇಳಿದವರಲ್ಲ. ಹೆಣ್ಣು ನೋಡಲು ಹೋಗುವವರೂ ನಾಲ್ಕನೆಯ ಮನೆಯ ಉಪ್ಪಿಟ್ಟು ತಿಂದ ಮೇಲೆ ಹೌದೋ ಅಲ್ಲವೋ ಒಂದು ಹೇಳುತ್ತಾರೆ. ಭಾವ ಮೂರು ವರ್ಷದಿಂದ ನೋಡುತ್ತಲೇ ಇದ್ದಾರೆ. ಈ ನಡುವೆ ಜ್ಯೂಸರಿನ ಎಷ್ಟೋ ಮಾಡೆಲುಗಳು ಹುಟ್ಟಿ, ಬೆಳೆದು, ತಯಾರಿಕೆ ನಿಂತು ಸ್ವರ್ಗಸ್ಥವಾದವು.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಪಂಪ್‌ಸೆಟ್ಟು ಆರಿಸುತ್ತ ತೋಟ ಒಣಗಿಸುವವರು, ಟೈಲ್ಸ್ ಆರಿಸುತ್ತ ಗೃಹಪ್ರವೇಶವನ್ನೇ ಮುಂದೆ ಹಾಕುವವರು. ಅವರಿಗೆ ದುಡ್ಡಿಲ್ಲ ಎಂದಲ್ಲ, ಜಿಪುಣರೂ ಅಲ್ಲ. ಒಂದನ್ನು ಕೊಂಡರೆ ಉಳಿದ ಒಂಬತ್ತು ಕೈತಪ್ಪಿಹೋದವಲ್ಲ ಎಂಬ ಸಂಕಟ ಅವರದು. ನನ್ನ ಪಾಲಿಗೆ ಬಂದವರು ಅಕ್ಕನ ಗಂಡ, ಕಲ್ಲಡ್ಕದ ಹತ್ತಿರ ಮನೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಂಟ್ವಾಳ ಪೇಟೆಯ ನನ್ನ ಮನೆ ಅವರ ದಾರಿಯಲ್ಲೇ ಸಿಗುತ್ತದೆ ಎಂಬುದು ನನ್ನ ಗ್ರಹಚಾರ.

ಶುರುವಾದದ್ದು ಹೀಗೆ. ಅವರ ಗೆಳೆಯರೊಬ್ಬರು ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸೆ ಮುಗಿಸಿ, ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸಪೂರವಾಗಿ ಬಂದು, ಬೂದುಕುಂಬಳದ ರಸದ ಮಹಿಮೆ ಹಾಡಿದರು. ಭಾವ ಮಾರನೆಯ ದಿನವೇ ನೂರು ಪುಟದ ಲೆಕ್ಕದ ಪುಸ್ತಕ ತಂದು ಗೆರೆ ಎಳೆದರು. ವ್ಯಾಟ್, ಸುತ್ತು, ಶಬ್ದ, ತೊಳೆಯುವ ಕಷ್ಟ, ಹಿಪ್ಪೆ. ಈ ಕೊನೆಯ ಕಾಲಮ್ಮಿನಲ್ಲಿ ಅವರ ಪ್ರಾಣ ಇದೆ. ಯಂತ್ರ ಹೊರಗೆ ಹಾಕಿದ ಹಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹಿಂಡುತ್ತಾರೆ. ಬೀಳುವ ಹನಿಯನ್ನು ನಾನು ಎಣಿಸಬೇಕು. ಐದು ಹನಿ ದಾಟಿದರೆ ಯಂತ್ರ ಫೇಲು.

ಮೂರು ವರ್ಷ ಅವರ ಪಕ್ಕ ಕೂತು ನನಗೂ ಅರ್ಧ ವಿದ್ಯೆ ಬಂದಿದೆ. ಜ್ಯೂಸರಿನಲ್ಲಿ ಮುಖ್ಯ ಜಾತಿ ಎರಡು. ಒಂದು, ಹಲ್ಲಿನ ತಟ್ಟೆ ನಿಮಿಷಕ್ಕೆ 10,000 ಸುತ್ತಿನ ಆಸುಪಾಸಿನಲ್ಲಿ ತಿರುಗಿ, ಹಣ್ಣನ್ನು ತುರಿದು ಜಾಲರಿಗೆ ಬೀಸಿ ಎಸೆಯುವುದು. ಇನ್ನೊಂದು, ತಿರುಪಿನಂಥ ದಪ್ಪ ಕೋಲು ನಿಮಿಷಕ್ಕೆ 50-60 ಸುತ್ತು ಮಾತ್ರ ತಿರುಗಿ, ಹಣ್ಣನ್ನು ಅಗಿದು ಒತ್ತುವುದು. ಅಂಗಡಿಯವರು ಇದನ್ನು ಕೋಲ್ಡ್ ಪ್ರೆಸ್ ಎನ್ನುತ್ತಾರೆ, ಬೆಲೆಗೆ ಇನ್ನೊಂದು ಸೊನ್ನೆ ಸೇರಿಸುತ್ತಾರೆ. ಭಾವ ನನಗೆ ಪಾಠ ಹೇಳಿದ್ದು ಯಕ್ಷಗಾನದ ಲೆಕ್ಕದಲ್ಲಿ. ‘ಮೊದಲನೆಯದು ಪುಂಡುವೇಷ. ದಿಗಿಣ ಹಾರಿ, ರಂಗಸ್ಥಳ ಅಲ್ಲಾಡಿಸಿ, ಬಾಯಲ್ಲಿ ನೊರೆ ಬರಿಸಿಕೊಳ್ಳುತ್ತದೆ. ಎರಡನೆಯದು ತಾಳಮದ್ದಲೆಯ ಹಳೆ ಅರ್ಥಧಾರಿ. ಕೂತಲ್ಲೇ ಕೂತು ಎದುರಿನವನ ರಸ ಹಿಂಡುತ್ತದೆ.’ ಇಂಥ ಮಾತು ಆಡುವ ಮನುಷ್ಯನನ್ನು ಪೂರ್ತಿ ದ್ವೇಷಿಸುವುದು ಹೇಗೆ?

ಆದರೆ ಅವರ ನ್ಯಾಯಕ್ಕೆ ತಲೆಬುಡ ಇಲ್ಲ. ರಸ ಲೋಟದಲ್ಲಿ ಪದರ ಪದರವಾಗಿ ಬೇರೆಯಾದರೆ ಯಂತ್ರ ಕಳಪೆ ಎಂದು ಹೇಳುವುದು ಎಲ್ಲಿ ಕೂತು? ಕಲ್ಲಡ್ಕದ ಹೋಟೆಲಿನಲ್ಲಿ, ಹಾಲು ಕೆಳಗೆ ಡಿಕಾಕ್ಷನ್ ಮೇಲೆ ನಿಂತ ಕಲ್ಲಡ್ಕ ಟೀ, ಅಂದರೆ ಕೆ.ಟಿ.ಯ ಲೋಟವನ್ನು ಬೆಳಕಿಗೆ ಹಿಡಿದು, ‘ಆಹಾ, ಪದರ ಕದಡಲಿಲ್ಲ ನೋಡು’ ಎಂದು ಚಪ್ಪರಿಸುತ್ತ.

ಒಮ್ಮೆ ನಾನೂ ಅವರನ್ನು ಸೋಲಿಸಲು ಹೊರಟೆ. 2016ರಲ್ಲಿ ಅಮೆರಿಕದಲ್ಲಿ ಜ್ಯೂಸೆರೊ ಎಂಬ ಯಂತ್ರ ಬಂದಿತ್ತು, ಬೆಲೆ 699 ಡಾಲರು. ಹಣ್ಣು ತರಕಾರಿ ಹೆಚ್ಚಿ ತುಂಬಿದ ಪೊಟ್ಟಣವನ್ನು ಕಂಪನಿಯೇ ಮಾರುತ್ತಿತ್ತು, ಅದನ್ನು ಒಳಗಿಟ್ಟರೆ ಯಂತ್ರ ಒತ್ತಿ ರಸ ಕೊಡುತ್ತಿತ್ತು. ಮರುವರ್ಷ ಪತ್ರಕರ್ತರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ತೋರಿಸಿದರು. ಹೆಚ್ಚುಕಡಿಮೆ ಅಷ್ಟೇ ರಸ ಬಂತು! ಕೆಲವೇ ತಿಂಗಳಲ್ಲಿ ಕಂಪನಿ ಬಾಗಿಲು ಹಾಕಿತು. ‘ಈಗ ಹೇಳಿ ಭಾವ, ಯಂತ್ರ ದೊಡ್ಡದೋ ಕೈ ದೊಡ್ಡದೋ?’ ಎಂದು ಕೇಳಿದೆ. ಅವರು ಗಂಭೀರವಾಗಿ ತಲೆದೂಗಿದರು. ‘ನಾನು ಹೇಳುವುದೂ ಅದೇ. ಅವಸರದಲ್ಲಿ ತೆಗೆದುಕೊಂಡವರ ಗತಿ ನೋಡು.’

ಪ್ರದಕ್ಷಿಣೆಗೆ ಒಂದು ಕ್ರಮ ಉಂಟು. ಮೊದಲು ಬಿ.ಸಿ.ರೋಡು. ಅಲ್ಲೊಬ್ಬ ಅಂಗಡಿಯವರು ಭಾವನ ಕಾರು ನಿಲ್ಲುವಾಗಲೇ ಊಟಕ್ಕೆ ಹೊರಡುತ್ತಾರೆ, ಬೆಳಿಗ್ಗೆ ಹತ್ತು ಗಂಟೆಯಾದರೂ. ಅಲ್ಲಿಂದ ಪುಂಜಾಲಕಟ್ಟೆ ಮಡಂತ್ಯಾರು ದಾಟಿ ಬೆಳ್ತಂಗಡಿ. ಆಮೇಲೆ ಗುರುವಾಯನಕೆರೆಗೆ ಹಿಂದೆ ಬಂದು, ವೇಣೂರಿನ ದಾರಿಯಾಗಿ ಮೂಡಬಿದಿರೆ. ಕೊನೆಗೆ ಸಿದ್ಧಕಟ್ಟೆಯಾಗಿ ಮನೆ. ಸುಟ್ಟ ಪೆಟ್ರೋಲಿನ ದುಡ್ಡು ಕೂಡಿಟ್ಟಿದ್ದರೆ ಈ ಹೊತ್ತಿಗೆ ಅರ್ಥಧಾರಿ ಜಾತಿಯದ್ದೇ ಒಂದು ಮನೆಯಲ್ಲಿರುತ್ತಿತ್ತು. ವೇಣೂರಿನಲ್ಲಿ 1604ರಿಂದ ನಿಂತಿರುವ 35 ಅಡಿಯ ಬಾಹುಬಲಿಯ ಎದುರು ಅವರು ಕೈಮುಗಿದು ಹೇಳಿದ್ದು ಏನು ಗೊತ್ತುಂಟಾ? ‘ಏಕಶಿಲೆ. ಒಂದು ಜಾಯಿಂಟ್ ಇಲ್ಲ. ಲೀಕ್ ಆಗುವ ಪ್ರಶ್ನೆಯೇ ಇಲ್ಲ.’ ಎಲ್ಲವನ್ನೂ ಬಿಟ್ಟು ನಿಂತವನನ್ನು ಒಮ್ಮೆ, ಏನನ್ನೂ ಕೊಳ್ಳಲಾರದೆ ನಿಂತವನನ್ನು ಒಮ್ಮೆ ನೋಡಿ ನಾನು ಸುಮ್ಮನಾದೆ.

ಇನ್ನು ಮೂಡಬಿದಿರೆಯ ಪ್ರಕರಣ. ಅಂಗಡಿಯಲ್ಲಿ ಚೌತಿಯ ಆಫರು, ಹೊಸ ಹುಡುಗ. ಭಾವನನ್ನು ಅವನು ಕಂಡವನಲ್ಲ, ಅದಕ್ಕೇ ನಗುತ್ತ ಎದುರು ಬಂದ. ‘ಡೆಮೊ ತೋರಿಸ್ತೇನೆ ಸಾರ್’ ಎಂದು ಸೇಬು ಎತ್ತಿಕೊಂಡ. ‘ಸೇಬನ್ನು ಯಾರು ಬೇಕಾದರೂ ಹಿಂಡುತ್ತಾರೆ ಮಗಾ’ ಎಂದು ಭಾವ ಬಟ್ಟೆಯ ಚೀಲ ಬಿಚ್ಚಿದರು. ಮೊದಲು ಅನಾನಸು. ಅನಾನಸಿಗೆ ಹೆಸರಾದ ಸೋನ್ಸ್ ಫಾರ್ಮಿನ ಊರಿಗೆ ಬಂದು ಅದನ್ನು ಹಾಕದಿದ್ದರೆ ಮರ್ಯಾದೆಯಲ್ಲ ಎಂಬುದು ಅವರ ನಿಯಮ. ಪಾಸು, ಮೂರೇ ಹನಿ. ಆಮೇಲೆ ತಿಮರೆ ಸೊಪ್ಪು. ಅದೂ ಪಾಸು. ಹುಡುಗನ ಮುಖ ಅರಳಿತು, ಬಿಲ್ ಪುಸ್ತಕ ಹತ್ತಿರ ಎಳೆದುಕೊಂಡ. ಆಗ ಚೀಲದಿಂದ ಒಂದು ಗೇಣು ಉದ್ದದ ಬಾಳೆದಿಂಡು ಎದ್ದು ಬಂತು.

‘ತುಂಡು ಮಾಡ್ಬೇಕಲ್ಲ ಸಾರ್?’

‘ಇಡೀ ಹಣ್ಣು ಹಾಕಬಹುದು ಅಂತ ಪೆಟ್ಟಿಗೆ ಮೇಲೆ ನೀವೇ ಬರೆದದ್ದಲ್ವಾ?’

ಮೊದಲ ಅರ್ಧ ನಿಮಿಷ ಯಂತ್ರ ಪುರಾಣ ಓದುವವರ ಹಾಗೆ ಗುನುಗುನು ಎಂದಿತು. ಮತ್ತೆ ಸ್ವರ ದಪ್ಪವಾಯಿತು. ಮತ್ತೆ ಗಂಟಲಲ್ಲಿ ಹಲಸಿನ ಬೇಳೆ ಸಿಕ್ಕಿದ ದನದಂತೆ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹುಡುಗ ಹಿಂದೆ ತಿರುಗಿಸುವ ಗುಂಡಿ ಒತ್ತಿದ, ಮುಂದಿನದ್ದು ಒತ್ತಿದ, ಕೊನೆಗೆ ದೇವರನ್ನು ನೆನೆದು ಮುಚ್ಚಳ ತೆಗೆದ. ದಿಂಡಿನ ನಾರೆಲ್ಲ ತಿರುಪಿನ ಕೋಲಿಗೆ ಸುತ್ತಿಕೊಂಡು, ಯಕ್ಷಗಾನದ ಚೌಕಿಯಲ್ಲಿ ಆಗಷ್ಟೇ ಮುಂಡಾಸು ಕಟ್ಟಿಸಿಕೊಂಡ ವೇಷದ ಹಾಗೆ ಕೂತಿತ್ತು. ಟಿ.ವಿ. ನೋಡುತ್ತಿದ್ದವರು, ಫ್ರಿಜ್ಜಿನ ಬಾಗಿಲು ತೆಗೆದು ಹಾಕುತ್ತಿದ್ದವರು ಎಲ್ಲ ಸುತ್ತ ನೆರೆದರು. ಕುಕ್ಕರಿನ ಗ್ಯಾಸ್ಕೆಟ್ಟಿಗೆಂದು ಬಂದ ಅಮ್ಮ ಒಬ್ಬರು ಮೂಗಿಗೆ ಬೆರಳಿಟ್ಟರು. ‘ನಾರು ತೆಗೆಯದೆ ದಿಂಡು ಹಾಕುವುದುಂಟಾ ಮಾರ್ರೆ?’

ಭಾವ ಮಾತಾಡಲಿಲ್ಲ. ಸ್ಟೂಲು ಎಳೆದು ಕೂತು, ಕನ್ನಡಕ ಮೇಲೇರಿಸಿ, ಒಂದೊಂದೇ ನಾರು ಬಿಡಿಸತೊಡಗಿದರು. ಮುಕ್ಕಾಲು ಗಂಟೆ. ಹುಡುಗ ‘ಬಿಡಿ ಸಾರ್, ನಾನು ಮಾಡ್ತೇನೆ’ ಎಂದರೂ ಬಿಡಲಿಲ್ಲ. ಕೊನೆಯ ನಾರು ತೆಗೆದು, ಬ್ರಶ್ಶು ಕೇಳಿ ಪಡೆದು ಜಾಲರಿ ಉಜ್ಜಿ, ಒರೆಸಿ, ಜೋಡಿಸಿ ಕೊಟ್ಟು, ಪುಸ್ತಕ ತೆಗೆದು ಬರೆದರು: ‘ತೊಳೆಯುವ ಕಷ್ಟ: ಹೆಚ್ಚು.’ ಅಂಗಡಿಯ ಧಣಿಗಳ ಮುಖ ನೋಡಲಾರದೆ ನಾನು ಅಲ್ಲೇ ಇದ್ದ ಇನ್ನೊಂದು ಜ್ಯೂಸರ್ ತೋರಿಸಿ ‘ಇದನ್ನು ಪ್ಯಾಕ್ ಮಾಡಿ’ ಎಂದುಬಿಟ್ಟೆ. ಪುಂಡುವೇಷದ ಜಾತಿ, 3,499 ರೂಪಾಯಿ, ಆರಿಸಲು ಹಿಡಿದ ಸಮಯ ಎರಡು ನಿಮಿಷ. ಸಿದ್ಧಕಟ್ಟೆಯವರೆಗೆ ಭಾವ ತುಟಿ ಬಿಚ್ಚಲಿಲ್ಲ. ಆಮೇಲೆ ಮೆಲ್ಲ, ಬೇಸರದಲ್ಲಿ ಹೇಳಿದರು: ‘ನೀನು ಅವಸರ ಮಾಡಿದೆ.’

ಮಾಡಿದ್ದೆ. ಆ ಜ್ಯೂಸರಿನಲ್ಲಿ ಎರಡು ಸಲ ಕ್ಯಾರೆಟ್ ರಸ ತೆಗೆದೆವು. ಕುಡಿಯಲಿಕ್ಕೆ ಎರಡು ನಿಮಿಷ, ತೊಳೆಯಲಿಕ್ಕೆ ಇಪ್ಪತ್ತು. ಈಗ ಅದು ಅಟ್ಟದಲ್ಲಿ, ಅಜ್ಜನ ಕಾಲದ ಹೆರೆಮಣೆಯ ಪಕ್ಕ, ಪೆಟ್ಟಿಗೆಯ ಸಮೇತ ವಿಶ್ರಾಂತಿಯಲ್ಲಿದೆ. ನೋಡಿ ನೋಡಿ ಕೊಳ್ಳದವರನ್ನು ಹಾಸ್ಯ ಮಾಡುವ ನಾನು ನೋಡದೆ ಕೊಂಡವನು. ಅವರ ಮನೆಯಲ್ಲೂ ಜ್ಯೂಸರಿನ ರಸ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ವ್ಯತ್ಯಾಸ 3,499 ರೂಪಾಯಿ ಮಾತ್ರ.

ನಿಜವಾಗಿ ರಸ ಇರುವುದು ಅಕ್ಕನ ಹತ್ತಿರ. ಅವಳು ದಿಂಡನ್ನು ಬಿಲ್ಲೆ ಬಿಲ್ಲೆ ಕೊಯ್ಯುವುದನ್ನು ನೋಡಬೇಕು. ಒಂದು ಬಿಲ್ಲೆ ಕೊಯ್ದು ಎಳೆದಾಗ ನಡುವೆ ಜೇಡರ ಬಲೆಯಂಥ ನಾರು ನೀಳವಾಗಿ ಬರುತ್ತದೆ. ಅದನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತುತ್ತಾಳೆ. ಹತ್ತು ಬಿಲ್ಲೆಯಾಗುವಾಗ ಬೆರಳಲ್ಲಿ ಬಿಳಿ ಉಂಗುರ. ಬಿಲ್ಲೆಗಳು ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಮುಳುಗುತ್ತವೆ. ಮತ್ತೆ ಹಳೆಯ ಮಿಕ್ಸಿಗೆ ಹಾಕಿ ಒಂದು ಸುತ್ತು, ತೆಳು ಪಂಚೆಯ ತುಂಡಿನಲ್ಲಿ ಒಂದು ಹಿಂಡು. ಭಾವ ಆ ಲೋಟ ಕುಡಿದು, ಬಾಯಿ ಒರೆಸಿ, ಬೆಳ್ತಂಗಡಿಗೆ ಹೊರಡುತ್ತಾರೆ, ಜ್ಯೂಸರ್ ನೋಡಲಿಕ್ಕೆ.

ಹಾಗೆಂದು ಅವರ ಮೂರು ವರ್ಷ ಪೂರ್ತಿ ಹಿಪ್ಪೆಯಾಯಿತು ಎನ್ನಲಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಚಮಚದಲ್ಲಿ ಹಾಕಿಕೊಳ್ಳುವ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ ಎಂದು ಓದಿದ ದಿನ, ಸಕ್ಕರೆ ಕಾಯಿಲೆಯಿದ್ದ ನನ್ನ ಹೆಂಡತಿಗೆ ಫೋನು ಮಾಡಿ, ‘ನೀನು ಹಣ್ಣನ್ನು ಅಗಿದೇ ತಿನ್ನು ತಂಗಿ, ನಾರು ಬಿಡಬೇಡ’ ಎಂದರು. ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ನುಂಗಬಾರದು, ಅದು ವಿಷ ಎಂದು ಊರಿಗೆಲ್ಲ ಸಾರಿದವರು ಅವರೇ. ನೆರೆಮನೆಯವರು ಯಾರದೋ ಮಾತು ಕೇಳಿ ಕೊಲೆಸ್ಟರಾಲಿಗೆಂದು ಬಿಂಬುಳಿಯ ರಸ ಲೋಟಗಟ್ಟಲೆ ಕುಡಿಯುತ್ತಿದ್ದಾರೆ ಎಂದು ಗೊತ್ತಾದಾಗ, ಉಣ್ಣುತ್ತಿದ್ದ ಬಟ್ಟಲು ಬಿಟ್ಟು ಮಳೆಯಲ್ಲಿ ಓಡಿದರು. ಅದರ ಆಕ್ಸಲೇಟ್ ಕಿಡ್ನಿಯನ್ನೇ ಹಾಳು ಮಾಡಬಲ್ಲುದು ಎಂದು ಕಪ್ಪುಹಲಗೆ ಇಲ್ಲದ ಜಗಲಿಯಲ್ಲಿ ಪಾಠ ಮಾಡಿ ಬಂದರು. ಆ ದಿನ ಪುಸ್ತಕ ಒಯ್ಯಲಿಲ್ಲ, ಯಾವ ಕಾಲಮ್ಮೂ ತುಂಬಲಿಲ್ಲ.

ಕಳೆದ ಆಟಿ ಅಮಾವಾಸ್ಯೆಗೆ ನಾನು ಅವರ ಮನೆಯಲ್ಲಿ ಉಳಿದಿದ್ದೆ. ಬೆಳಗಾಗುವ ಮೊದಲೇ ಭಾವ ನನ್ನನ್ನು ಎಬ್ಬಿಸಿ ಗುಡ್ಡೆಗೆ ಕರಕೊಂಡು ಹೋದರು, ಆ ದಿನ ಕುಡಿಯುವ ಕಷಾಯಕ್ಕೆ ಬೇಕಾದ ಪಾಲೆ ಮರದ ಕೆತ್ತೆಗೆ, ಅಂದರೆ ತೊಗಟೆಗೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದಂಥದ್ದಕ್ಕೆ ಕೈ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಇಷ್ಟು ದೊಡ್ಡ ಆಯ್ಕೆಯ ಮುಂದೆ ಇವರು ಎಷ್ಟು ಹೊತ್ತು ನಿಲ್ಲುತ್ತಾರೋ ಎಂದು ನಾನು ಚಳಿಯಲ್ಲಿ ನಡುಗಿದೆ. ಅವರು ಟಾರ್ಚು ಕೂಡ ಹಾಕಲಿಲ್ಲ. ನೇರ ಹೋಗಿ ಒಂದು ಮರದ ಮೈ ಸವರಿ, ಕಲ್ಲಿನಲ್ಲಿ ಕುಟ್ಟಿ ಕೆತ್ತೆ ಎಬ್ಬಿಸಿದರು; ಅದಕ್ಕೆ ಕಬ್ಬಿಣ ತಾಗಿಸಬಾರದೆಂಬುದು ಕ್ರಮ. ‘ಗುರುತು ಹೇಗೆ ಭಾವ?’ ಎಂದರೆ, ‘ಅಪ್ಪ ತೋರಿಸಿದ್ದು’ ಎಂದರು. ಅಷ್ಟೇ.

ಮನೆಯಲ್ಲಿ ಅಕ್ಕ ಕಡೆವ ಕಲ್ಲಿನಲ್ಲಿ ಕೆತ್ತೆಯನ್ನು ಓಮ, ಬೆಳ್ಳುಳ್ಳಿ, ಕರಿಮೆಣಸಿನ ಜೊತೆ ಅರೆದು ಹಿಂಡಿದಳು. ಕೆಂಡದಲ್ಲಿ ಕಾದ ಬೊಳ್ಳುಕಲ್ಲನ್ನು ರಸಕ್ಕೆ ಹಾಕಿದಾಗ ಚುಂಯ್ ಎಂದಿತು. ಕಣ್ಣು ಮುಚ್ಚಿ ಕುಡಿದೆವು. ಆ ಕಹಿ ನಾಲಿಗೆಯಿಂದ ಇಳಿಯಲು ಮೆಂತೆ ಗಂಜಿಯ ಎರಡು ಬಟ್ಟಲು ಬೇಕಾಯಿತು. ವ್ಯಾಟು, ಸುತ್ತು, ಹನಿ ಯಾವುದನ್ನೂ ಭಾವ ಕೇಳಲಿಲ್ಲ. ತೋರಿಸಿಕೊಡುವವರು ಒಬ್ಬರಿದ್ದರೆ ಇವರಿಗೂ ಆರಿಸಲಿಕ್ಕೆ ಬರುತ್ತದಲ್ಲ ಎಂದು ನನಗನ್ನಿಸಿತು. ಜ್ಯೂಸರ್ ತೋರಿಸಿಕೊಡುವ ಅಪ್ಪ ಯಾರಿಗೂ ಇರಲಿಲ್ಲ. ಅದಕ್ಕೇ ನಾನು ಎರಡು ನಿಮಿಷದಲ್ಲಿ ಎಡವಿದೆ, ಅವರು ಮೂರು ವರ್ಷದಿಂದ ತಡವುತ್ತಿದ್ದಾರೆ.

ಗಂಜಿ ಮುಗಿಯುವಾಗ ಭಾವ ಗಂಟಲು ಸರಿಮಾಡಿಕೊಂಡರು. ‘ಬೆಳ್ತಂಗಡಿಗೆ ಹೊಸ ಮಾಡೆಲು ಬಂದಿದೆಯಂತೆ.’ ನನಗೆ ಅಲ್ಲೇ ಜ್ವರ ಹತ್ತಿತು. ಆದರೂ ಚೀಲ ಇಡಲು ಡಿಕ್ಕಿ ತೆಗೆದೆ. ದಿಂಡು ಕಾಣಲಿಲ್ಲ. ಮೂಲೆಯಲ್ಲಿ, ಅಲ್ಲಾಡದಂತೆ ಬೈರಾಸು ಸುತ್ತಿ, ಒಂದು ಸ್ಟೀಲಿನ ಡಬ್ಬಿ. ಮುಚ್ಚಳ ಎತ್ತಿ ನೋಡಿದರೆ ನೀರುಮಜ್ಜಿಗೆಯಲ್ಲಿ ಬಿಲ್ಲೆಗಳು ತೇಲುತ್ತಿದ್ದವು. ಒಂದರಲ್ಲೂ ನಾರಿರಲಿಲ್ಲ.