ಸುಶೀಲ್ ಕುಮಾರನಿಗೆ ಅಭಿಮಾನಿ ಸಂಘವಿಲ್ಲ

ಎಚ್.ಕೆ. ಅನಂತರಾವ್ ಅವರ ‘ಅಂತ’ ಕಾದಂಬರಿಯನ್ನು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಓದಿದವರು ಒಂದು ಜಾತಿ. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅದನ್ನೇ ಸಿನಿಮಾ ಮಾಡಿದಾಗ ಶರ್ಟಿನ ಗುಂಡಿ ಕಿತ್ತುಹೋಗುವಂತೆ ಟಾಕೀಸಿಗೆ ನುಗ್ಗಿದವರು ಇನ್ನೊಂದು ಜಾತಿ. ಇವೆರಡರ ನಡುವೆ ಇವತ್ತಿಗೂ ಕೊಟ್ಟುತರುವ ಸಂಬಂಧ ಕುದುರಿಲ್ಲ.

ಸಂಡೂರು ತಾಲ್ಲೂಕಿನ ಚೋರನೂರಿನ ಚಹಾದಂಗಡಿಗಳಲ್ಲಿ ಈ ಜಗಳ ಯಾವತ್ತು ಬೇಕಾದರೂ ಮರುಜೀವ ಪಡೆಯಬಹುದು. ಟಿವಿಯಲ್ಲಿ ಚಿತ್ರ ಬಂದರೆ ಸಾಕು. ನಿವೃತ್ತ ಮೇಷ್ಟ್ರು ಒಗ್ಗರಣೆಯ ತಟ್ಟೆ ಪಕ್ಕಕ್ಕೆ ಸರಿಸಿ, “ಕಾದಂಬರ್ಯಾಗ ಇದ್ದ ಗಾಂಭೀರ್ಯ ಪಿಚ್ಚರ್‌ನ್ಯಾಗ ಎಲ್ಲೈತ್ರಿ? ಬರೇ ಹೊಡಿ, ಬಡಿ, ಉಗುರು ಕೀಳು” ಎನ್ನುತ್ತಾರೆ. ಲಾರಿ ಡ್ರೈವರ್ ಮಿರ್ಚಿ ಕಚ್ಚುತ್ತಲೇ, “ಮೇಷ್ಟ್ರೇ, ಆ ಉಗುರು ಕೀಳೋ ಸೀನ್ ಇಲ್ಲಾಂದ್ರ ನಿಮ್ಮ ಕಾದಂಬರಿ ಹೆಸರು ಇವತ್ತಿಗೆ ಯಾರು ಹೇಳ್ತಿದ್ರು?” ಎಂದು ಕೇಳುತ್ತಾನೆ. ಇಬ್ಬರದೂ ಸರಿ. ಅದಕ್ಕೇ ಜಗಳ ಮುಗಿಯುವುದಿಲ್ಲ.

ಕಥೆ ಮರೆತವರಿಗೆ ಇಷ್ಟು: ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಪ್ರಾಮಾಣಿಕ. ಅಚ್ಚು ಅವನಂತೆಯೇ ಇರುವ ಕನ್ವರ್‌ಲಾಲ್ ಪಾತಕಿ. ಇನ್‌ಸ್ಪೆಕ್ಟರು ಪಾತಕಿಯ ವೇಷದಲ್ಲಿ ಕಳ್ಳರ ಕೂಟಕ್ಕೆ ಗೂಢಚಾರನಾಗಿ ಹೊಕ್ಕು, ದೊಡ್ಡ ಮನುಷ್ಯರ ಗುಟ್ಟು ಹೊರತೆಗೆಯಲು ಹೊರಡುತ್ತಾನೆ. ಎರಡೂ ಪಾತ್ರ ಅಂಬರೀಷ್ ಅವರದೇ. ಹಾಗಿದ್ದ ಮೇಲೆ ಅಭಿಮಾನ ಸಮಪಾಲಾಗಿ ಹಂಚಿಹೋಗಬೇಕಿತ್ತಲ್ಲ? ಎಲ್ಲಿ! ಕನ್ವರ್‌ಲಾಲ್ ಮನೆಮಾತಾದ. ಅವನ ಹಿಂದಿ ಡೈಲಾಗನ್ನು ಹಿಂದಿಯ ಇನ್ನೊಂದು ವಾಕ್ಯ ಬಾರದವರೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅಂಬರೀಷ್ ಅವರನ್ನೇ ಜನ ಕನ್ವರ್‌ಲಾಲ್ ಎಂದು ಕರೆದರು. ಪಾಪದ ಸುಶೀಲ್ ಕುಮಾರ್! ಏಟು ತಿಂದವನು ಅವನು, ಉಗುರು ಕಳೆದುಕೊಂಡವನು ಅವನು. ಅವನ ಹೆಸರನ್ನು ಆಟೋದ ಹಿಂದೆ ಬರೆಸಿದವರನ್ನು ನಾನಂತೂ ಕಂಡಿಲ್ಲ.

ಓದುಗ ಜಾತಿಯವರೇನು ಕಡಿಮೆಯೇ? ಅವರೂ ಇನ್‌ಸ್ಪೆಕ್ಟರನ ಪರ ನಿಂತವರಲ್ಲ. ಯಾವ ಅಧ್ಯಾಯ ಬಿಟ್ಟುಹೋಯಿತು, ಯಾವ ಮಾತು ಬದಲಾಯಿತು ಎಂಬ ಪಂಚನಾಮೆಯಲ್ಲೇ ಅವರಿಗೆ ಹೊತ್ತು ಹೋಯಿತು. ಕಾದಂಬರಿ ಬೊಟ್ಟು ಮಾಡಿದ ದೊಡ್ಡ ಮನುಷ್ಯರು ನೆಮ್ಮದಿಯಾಗಿ ಬಾಲ್ಕನಿಯಲ್ಲಿ ಕುಳಿತು ಸಿನಿಮಾ ನೋಡಿದರು. ಹಿಂಸೆ ಅತಿಯಾಯಿತೆಂದು ಆಗ ಎದ್ದ ಗದ್ದಲವೂ ತೆರೆಯ ಮೇಲಿನ ರಕ್ತದ ಬಗ್ಗೆಯೇ. ಮುಂದೆ 2006ರಲ್ಲಿ ಇದೇ ಅಂಬರೀಷ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದರು, ಅಂದರೆ ಸೆನ್ಸಾರ್ ಮಂಡಳಿ ಯಾವ ಖಾತೆಯ ಅಡಿ ಬರುತ್ತದೋ ಆ ಖಾತೆಗೆ. ಇಂಥ ತಿರುವನ್ನು ಕಾದಂಬರಿಕಾರರು ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಿದ್ದರು.

ಕಾದಂಬರಿ ಕೆಡಿಸಿದರು ಎಂಬ ಗೋಳು ಹಳೆಯದು, ಅದರಲ್ಲಿ ಲೇಖಕರದೇ ಮುಂದಾಳ್ತನ. ‘ನಾಗರಹಾವ’ನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ತರಾಸು ಅವರೇ ಸಿಡುಕಿದ ಮಾತು ಚಿತ್ರದುರ್ಗದ ಕೋಟೆಯಷ್ಟೇ ಪ್ರಸಿದ್ಧ. ಈಚೆಗೆ ‘ರಾಝಿ’ ಗೂಢಚಾರ ಚಿತ್ರ ಬಂದ ಮೇಲೆ, ಅದರ ಮೂಲ ಕಾದಂಬರಿ ಬರೆದ ಹರಿಂದರ್ ಸಿಕ್ಕಾ ಕೂಡ ಬಹಿರಂಗವಾಗಿಯೇ ಮುನಿಸಿಕೊಂಡರು. ಈ ತಂಟೆಯೇ ಬೇಡವೆಂದು ನಮ್ಮ ದೊರೆ-ಭಗವಾನ್ 1968ರಲ್ಲಿ ‘ಜೇಡರಬಲೆ’ ಮಾಡಿದಾಗ ಕಾದಂಬರಿಯ ಗೊಡವೆಗೇ ಹೋಗಲಿಲ್ಲ. ಬಾಂಡ್ ಚಿತ್ರಗಳ ಗಾಳಿ ಹಿಡಿದು, ರಾಜ್‌ಕುಮಾರ್ ಕೈಗೆ ಪಿಸ್ತೂಲು ಕೊಟ್ಟು ಸಿಐಡಿ 999 ಎಂದರು. ಮೂಲವೇ ಇಲ್ಲದ ಮೇಲೆ ಮೂಲ ಕೆಟ್ಟಿತೆನ್ನಲು ಯಾರಿಗೆ ಬಾಯಿ?

ಇರಲಿ. ನನಗೆ ಸೋಜಿಗವೆನಿಸುವುದು ಈ ಜಗಳ ಸಂಡೂರು ತಾಲ್ಲೂಕಿನಲ್ಲಿ ನಡೆಯುವುದು. ‘ಅಂತ’ದ ಇನ್‌ಸ್ಪೆಕ್ಟರು ಕಳ್ಳರನ್ನು ಕಾಣಬೇಕಾದರೆ ಮಾರುವೇಷ ಹಾಕಬೇಕಾಯಿತು. ಇಲ್ಲಿ ಅಕ್ರಮ ಅದಿರು ಸಾಗಣೆಯ ಕಾಲದಲ್ಲಿ ಮೀಸೆ ಅಂಟಿಸಿಕೊಳ್ಳುವ ಖರ್ಚೂ ಬೇಕಿರಲಿಲ್ಲ. ಸಂಡೂರು–ಹೊಸಪೇಟೆ ರಸ್ತೆಯ ಪಕ್ಕದಲ್ಲಿ ನಿಂತರೆ ಸಾಕಿತ್ತು. ಗುಟ್ಟು ತಾನೇ ಲಾರಿಯಲ್ಲಿ ಕೂತು, ಹಗಲು ಹೊತ್ತಿನಲ್ಲೇ, ಹಾರ್ನ್ ಹೊಡೆಯುತ್ತ, ಬೇವಿನ ಮರವನ್ನೂ ಬಿಳಿ ಎತ್ತನ್ನೂ ಕೆಂಪು ಮಾಡುತ್ತ ಬಂದರಿನ ಕಡೆ ಹೋಗುತ್ತಿತ್ತು. ಪತ್ತೇದಾರಿಕೆ ಮಾಡಬೇಕಾದವರು ದಾರಿ ಬಿಟ್ಟು ನಿಲ್ಲುತ್ತಿದ್ದರು.

ಆ ಕಥೆಗೂ ಒಂದು ಪುಸ್ತಕವಿದೆ. ಅಕ್ರಮ ಗಣಿಗಾರಿಕೆಯ ವರದಿ ಅದು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸರ್ಕಾರದ ಕೈಗಿಟ್ಟದ್ದು; ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ, ಚೆಕ್‌ಪೋಸ್ಟು, ಬಂದರು ಸುತ್ತಿ ಹೆಣೆದದ್ದು. ದಾಖಲೆಗಳೂ ಸೇರಿ 25 ಸಾವಿರ ಪುಟಕ್ಕೂ ಮಿಗಿಲು. ಹೊರಬಂದ ವಾರದಲ್ಲೇ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿಯೊಬ್ಬರು ಕುರ್ಚಿಯಿಂದಿಳಿದರು. ಯಾವ ಕಾದಂಬರಿಗೆ ಇಂಥ ಓಪನಿಂಗ್ ಸಿಕ್ಕಿದೆ ಹೇಳಿ. ಆದರೂ ಇದನ್ನು ಎದೆಗೊತ್ತಿಕೊಂಡು, “ಪುಸ್ತಕದಾಗ ಹಿಂಗಿರ್ಲಿಲ್ಲ” ಎಂದು ಜಗಳಕ್ಕೆ ನಿಲ್ಲುವ ಒಬ್ಬನೇ ಒಬ್ಬ ಓದುಗಾಭಿಮಾನಿ ಚೋರನೂರು ಹೋಬಳಿಯಲ್ಲಿ ಸಿಗಲಿಲ್ಲ. ಮೇಷ್ಟ್ರನ್ನೇ ಕೇಳಿದೆ. “ಅದು ಸಾಹಿತ್ಯ ಅಲ್ಲ” ಎಂದರು.

ಸಿನಿಮಾ ಆದೀತೇ ಎಂದರೆ ಅಲ್ಲೂ ಕಷ್ಟ. ಬೇಲೆಕೇರಿ ಬಂದರಿನ ಪ್ರಸಂಗವನ್ನೇ ತೆಗೆದುಕೊಳ್ಳಿ. 2010ರಲ್ಲಿ ಸರ್ಕಾರವೇ ಜಪ್ತಿ ಮಾಡಿ ಇರಿಸಿದ್ದ ಅದಿರಿನಲ್ಲಿ ಸುಮಾರು ಐದು ಲಕ್ಷ ಟನ್ ಮಾಯ. ವಜ್ರದ ಹರಳಲ್ಲ, ಮೈಕ್ರೋಫಿಲ್ಮ್ ಅಲ್ಲ. ಗುಡ್ಡದಂಥ ಮಣ್ಣು, ಕಾವಲಿದ್ದಂತೆಯೇ ಹಡಗು ಹತ್ತಿತು. ಇಂಥ ದೃಶ್ಯವಿಟ್ಟರೆ ಮುಂದಿನ ಸಾಲಿನವನೂ “ಏನಲೇ, ಕಿವ್ಯಾಗ ಹೂ ಇಡಾಕ ಬಂದೀಯೇನು?” ಎಂದು ಎದ್ದು ಹೋಗುತ್ತಾನೆ.

ಲಾರಿ ಡ್ರೈವರ್ ಮಾತ್ರ ಆಸಕ್ತಿಯಿಂದ ಕೇಳಿಸಿಕೊಂಡ. ಫೈಟ್ ಎಷ್ಟಿವೆ ಎಂದ. ಇಲ್ಲ, ಫೈಲುಗಳಿವೆ ಎಂದೆ. ಹೀರೋ ಏನು ಮಾಡುತ್ತಾನೆ ಎಂದ. ಪರ್ಮಿಟ್ಟು, ತೂಕದ ಚೀಟಿ, ಬ್ಯಾಂಕಿನ ಲೆಕ್ಕ ತಾಳೆ ನೋಡುತ್ತಾನೆ ಎಂದೆ. ಅವನ ಮುಖ ಬಾಡಿತು. ಸ್ವಲ್ಪ ಹೊತ್ತು ಗ್ಲಾಸಿನ ತಳದ ಚಹಾ ತಿರುಗಿಸಿ, “ಅದರಾಗ ಕನ್ವರ್‌ಲಾಲ್ ಥರದವ್ರು ಯಾರಾರ ಅದಾರೇನ್ರಿ?” ಎಂದು ಕೇಳಿದ.

“ಅದಾರಪಾ, ಭಾಳ ಮಂದಿ ಅದಾರ” ಎಂದೆ.

“ಹಂಗಾದ್ರ ನೂರು ದಿನ ಓಡ್ತೈತಿ ಬಿಡ್ರಿ” ಎಂದ. ಮೇಷ್ಟ್ರೂ ತಲೆಯಾಡಿಸಿದರು. ಎರಡೂ ಜಾತಿ ಒಮ್ಮತಕ್ಕೆ ಬಂದದ್ದನ್ನು ನೋಡಿ ಅಂಗಡಿಯವನು ಖುಷಿಯಿಂದ ಮತ್ತೆರಡು ಪ್ಲೇಟ್ ಮಿರ್ಚಿ ಕಳಿಸಿದ. ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಂಡ.