ಸೀತಾಳೆ ಬೀಜ ಬಿತ್ತುವವರ ಕುಲನಿರ್ಣಯ

ಸೀತಾಳೆ, ಅಂದರೆ ಆರ್ಕಿಡ್ ಕಾಯಿಯಿಂದ ಮನೆಯಲ್ಲೇ ಸಸಿ ಎಬ್ಬಿಸುತ್ತೇನೆಂದು ಹೊರಡುವವರನ್ನೆಲ್ಲ ‘ಹವ್ಯಾಸಿ’ ಎಂಬ ಒಂದೇ ಬುಟ್ಟಿಗೆ ಹಾಕಿ ಪಂಡಿತರು ಕೈತೊಳೆದುಕೊಂಡಿದ್ದಾರೆ. ಇದು ಅಶಾಸ್ತ್ರೀಯ. ನಾವು ಅವರನ್ನು ಮೂರು ಕುಲಗಳಾಗಿ ವಿಂಗಡಿಸುತ್ತೇವೆ. ಲಕ್ಷಣ ಹೂವಿನ ಬಣ್ಣವಲ್ಲ, ಅಲ್ಲಿಯವರೆಗೆ ತಲುಪುವವರು ವಿರಳ. ಕೆಲಸ ಕೆಡುವ ಬಗೆಯೇ ಲಕ್ಷಣ.

ಮೊದಲನೆಯದು ಧೂಳೀಕುಲ. ಕಾಯಿ ತಾನಾಗಿ ಬಿರಿಯಲಿ ಎಂದು ಕಾಯುವವರು. ಒಂದು ಕಾಯಿಯಲ್ಲಿ ಬೀಜ ಲಕ್ಷಗಟ್ಟಲೆ ಇರಬಹುದು, ಆದರೆ ಒಂದೊಂದೂ ಧೂಳಿನ ಕಣ. ಅಂಗೈಗೆ ಸುರಿದುಕೊಂಡ ಕ್ಷಣಕ್ಕೆ ಸರಿಯಾಗಿ ಸೀನು ಬರುತ್ತದೆ. ಉಪಕುಲಗಳಿಲ್ಲ.

ಎರಡನೆಯದು ಕೊತ್ತಂಬರೀಕುಲ. ಕುಂಡದ ಮಣ್ಣಿಗೆ ಉದುರಿಸಿ ದಿನವೂ ನೀರು ಚಿಮುಕಿಸುವವರು. ಹೆಸರುಕಾಳು ಮೊಳಕೆಗೆ ಬೇಕಾದ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಸೀತಾಳೆ ಬೀಜ ಬರಿಗೈ. ಕಾಡಿನಲ್ಲಿ ಅದಕ್ಕೆ ಉಣಿಸುವುದು ಒಂದು ಶಿಲೀಂಧ್ರ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲೇ ಈ ಗುಟ್ಟು ಬಯಲು ಮಾಡಿದರೂ ಈ ಕುಲಕ್ಕೆ ಸುದ್ದಿ ಮುಟ್ಟಿಲ್ಲ. ತಾಯಿಗಿಡದ ಬುಡಕ್ಕೇ ಉದುರಿಸುವ ಉಪಕುಲವೊಂದಿದೆ. ಶಿಲೀಂಧ್ರ ಅಲ್ಲೇ ನೆಲೆಸಿದ್ದರೆ ಅವರಿಗೆ ಒಮ್ಮೊಮ್ಮೆ ಫಲಿಸುತ್ತದೆ. ಅವರು ಅದನ್ನು ಕೈಗುಣ ಎನ್ನುತ್ತಾರೆ.

ಮೂರನೆಯದೇ ಶ್ರೇಷ್ಠವಾದ ಕುಕ್ಕರ್‌ಕುಲ. ಶಿಲೀಂಧ್ರದ ಹಂಗಿಲ್ಲದೆ, ಅಗರ್‌ಗೆ ಲವಣ, ಸಕ್ಕರೆ ಬೆರೆಸಿಟ್ಟರೂ ಬೀಜ ಮೊಳೆಯುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ ಮೇಲೆ ಹುಟ್ಟಿದ್ದು. ಕೆಲವರು ಎಳನೀರು, ಬಾಳೆಹಣ್ಣನ್ನೂ ಬೆರೆಸುತ್ತಾರೆ. ತೊಡಕೆಂದರೆ, ಈ ಪಾಯಸಕ್ಕೆ ಬೂಷ್ಟು ಕರೆಯದೇ ಬರುವ ನೆಂಟ. ಆದ್ದರಿಂದ ಅದನ್ನು ತುಂಬಿದ ಬಾಟಲಿಗಳನ್ನು ಕುಕ್ಕರಿನ ಪೂರ್ತಿ ಒತ್ತಡದಲ್ಲಿ 15ರಿಂದ 20 ನಿಮಿಷ ಬೇಯಿಸಬೇಕು. ಶಾಸ್ತ್ರ ನಿಮಿಷ ಎಣಿಸುತ್ತದೆ, ನಮ್ಮ ಅಡುಗೆಮನೆ ಕೂಗು ಎಣಿಸುತ್ತದೆ. ಇಲ್ಲಿಂದಲೇ ಕುಲ ಒಡೆಯಿತು. ಮೂರು ಕೂಗಿಗೆ ಒಲೆ ಆರಿಸುವವರ ಬಾಟಲಿಯಲ್ಲಿ ಬೆಳೆಯುವುದು ಲೋಳೆ. ಚೆನ್ನಾಗಿ ಬೇಯಿಸಿಯೂ, ಬಿತ್ತುವಾಗ ಫ್ಯಾನ್ ಆರಿಸಲು ಮರೆಯುವವರದು ಹಸಿರು ಬೂಷ್ಟು. ಮೊಳೆತಿದೆಯೇ ಎಂದು ಆಗಾಗ ಮುಚ್ಚಳ ತೆರೆದು ನೋಡುವವರಿಗೆ ಎಲ್ಲ ಬಣ್ಣವೂ ಲಭ್ಯ.

ಇವರಲ್ಲಿ ಜಾಣರು ಹಸಿಗಾಯಿ ಪಂಥದವರು. ಬಲಿತರೂ ಬಿರಿಯದ ಕಾಯಿಯ ಒಳಗೆ ಬೂಷ್ಟಿಗೆ ಪ್ರವೇಶವಿಲ್ಲ. ಹೊರಮೈಯನ್ನು ಬ್ಲೀಚ್‌ನಲ್ಲಿ ತೊಳೆದು, ಶುದ್ಧ ಚಾಕುವಿನಿಂದ ಸೀಳಿ, ಬೀಜವನ್ನು ನೇರ ಬಾಟಲಿಗೆ ಇಳಿಸುತ್ತಾರೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಸಿರು ಮಣಿಗಳು, ಆಮೇಲೆ ಎಲೆ, ಬೇರು. ಹೂವಿಗೆ ಇನ್ನೂ ಕೆಲವು ವರ್ಷ.

ಅಷ್ಟರಲ್ಲಿ ಬಾಲ್ಕನಿ ತುಂಬಿ, ಮನೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಸಸಿ ದಾಟಿಸುವುದು ಶುರುವಾಗುತ್ತದೆ. ಪಡೆದವರನ್ನು ಈ ವರ್ಗೀಕರಣದಿಂದ ಹೊರಗಿಟ್ಟಿದ್ದೇವೆ, ಅವರು ನಿರಪರಾಧಿಗಳು.